ಶೀಟಿಗೆ ಸುತ್ತಿಗೆ ಬೀಳುವ ಮುನ್ನ

ಸೋಸಲೆಯ ಆ ಹಳೇ ರೈಸ್‌ಮಿಲ್ಲು ನಿನ್ನ ಹೆಸರಿಗೆ ನೋಂದಣಿ ಆಯಿತು ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದಾಗ ಬಹಳ ಸಂತೋಷವಾಯಿತು, ಮಗಾ. ಮುಂದೆ ಸಾಲು ಅಂಗಡಿ, ಹಿಂದೆ ಮಿಲ್ಲಿನ ಶೆಡ್ಡು, ಪಕ್ಕದಲ್ಲಿ ಗೋದಾಮು, ಕಲ್ಲಿನ ಗೋಡೆ. ಅಂಥ ಗೋಡೆಯನ್ನು ಇವತ್ತು ಕಟ್ಟಿಸಲು ಹೋದರೆ ಕೈಸುಡುತ್ತದೆ. ಮುಂದಿನ ಭಾಗ ಹಾರ್ಡ್‌ವೇರ್ ಅಂಗಡಿ, ಹಿಂದಿನ ಶೆಡ್ಡು ನಾಮಕರಣ, ನಿಶ್ಚಿತಾರ್ಥಕ್ಕೆ ಬಾಡಿಗೆ ಕೊಡುವ ಹಾಲು ಅಂತ ಯೋಚನೆ ಮಾಡಿದ್ದೀಯಂತೆ. ಊರಿನ ಮಠಕ್ಕೆ ಬರುವವರು, ತಿರುಮಕೂಡಲಿನ ಸಂಗಮಕ್ಕೆ ಬರುವವರು, ಸುತ್ತಲ ಹಳ್ಳಿಯವರು ಇದ್ದಾರೆ, ನಡೆಯುತ್ತದೆ. ಆದರೆ ಬರುವ ವಾರವೇ ಛಾವಣಿಯ ಶೀಟು ಒಡೆದು ಟ್ರ್ಯಾಕ್ಟರಿಗೆ ತುಂಬಿಸುತ್ತಾರೆ ಅಂದದ್ದು ಕೇಳಿ ನನಗೆ ನೆಮ್ಮದಿ ಹೋಯಿತು. ಕಟ್ಟಡದ ಕೆಲಸದಲ್ಲೇ ಕೂದಲು ನೆರೆತವನು ನಾನು. ನಿನ್ನ ದೊಡ್ಡಪ್ಪನಾಗಿ ಈ ಒಂದು ಮಾತು ಹೇಳದೆ ಇರಲಾರೆ. ಆ ಶೀಟನ್ನು ಒಡೆಸಬೇಡ.

ಅದು ಬರೀ ಸಿಮೆಂಟ್ ಶೀಟಲ್ಲ, ಕಲ್ನಾರಿನ ಶೀಟು. ನಾವೆಲ್ಲ ಬಾಯಲ್ಲಿ ಸಿಮೆಂಟ್ ಶೀಟು, ಎ.ಸಿ. ಶೀಟು ಅನ್ನುವುದು ಅದನ್ನೇ. ಸಿಮೆಂಟಿಗೆ ನೂರಕ್ಕೆ ಸುಮಾರು 8ರಿಂದ 15 ಪಾಲು ಬಿಳಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಸೇರಿಸಿ ಮಾಡುತ್ತಾರೆ. ಹತ್ತು ಅಡಿಯ ಒಂದು ಶೀಟು ನಲವತ್ತು ಕೆ.ಜಿ. ಮೀರಿ ತೂಗುತ್ತದೆ, ಅದರಲ್ಲಿ ಮೂರರಿಂದ ಆರು ಕೆ.ಜಿ.ಯಷ್ಟು ನಾರು. ನಿನ್ನ ಶೆಡ್ಡಿನ ಮೇಲೆ ಅಂಥ ಎಷ್ಟು ಶೀಟಿದೆ ಅಂತ ನೀನೇ ಲೆಕ್ಕ ಹಾಕು.

ಶೀಟನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಬಿನಿ ಜಲಾಶಯ 1974ರಲ್ಲಿ ಮುಗಿದು, ನಾಲೆಯ ನೀರು ನಂಜನಗೂಡು, ನರಸೀಪುರದ ಹೊಲಗಳಿಗೆ ಹರಿದ ಮೇಲೆ ಭತ್ತ ಹೆಚ್ಚಿತು. ಭತ್ತ ಹೆಚ್ಚಿದ ಮೇಲೆ ಮಿಲ್ಲು, ಗೋದಾಮು, ಗೊಬ್ಬರದ ಮಳಿಗೆ ಎದ್ದವು. ನಾಡಹೆಂಚಿಗೆ ವರ್ಷ ವರ್ಷ ಕೈಯಾಡಿಸಬೇಕು, ಸತುವಿನ ತಗಡು ಬಿಸಿಲಿಗೆ ಕಾದು ಕೆಂಡವಾಗುತ್ತದೆ, ತುಕ್ಕು ಹಿಡಿಯುತ್ತದೆ. ಈ ಶೀಟು ತುಕ್ಕು ಹಿಡಿಯಲಿಲ್ಲ, ಗೆದ್ದಲು ತಿನ್ನಲಿಲ್ಲ, ಮಳೆ ಬಂದರೆ ಕಿವಿ ಕಿತ್ತುಹೋಗುವ ಸದ್ದಿಲ್ಲ, ಬೆಲೆಯೂ ಕಡಿಮೆ. ಬಡವನ ಮನೆ, ಶಾಲೆ, ದನದ ಕೊಟ್ಟಿಗೆ, ಟೆಂಟು ಹೋಗಿ ಬಂದ ಥಿಯೇಟರು, ಎಲ್ಲದರ ಮೇಲೂ ಅದೇ ಬಂತು. ಹೊದಿಸಿದವರು ಯಾರೂ ಕೆಟ್ಟದ್ದು ಮಾಡಬೇಕು ಅಂತ ಹೊದಿಸಲಿಲ್ಲ. ಇಂದಿಗೂ ನಮ್ಮ ದೇಶದಲ್ಲಿ ಅದರ ಮಾರಾಟಕ್ಕೆ ನಿಷೇಧವಿಲ್ಲ. ಕಲ್ನಾರನ್ನು ಇಲ್ಲಿ ಅಗೆಯುವುದು ನಿಂತುಹೋಗಿದೆ. ಬೇಕಾದದ್ದನ್ನು ರಷ್ಯಾ, ಬ್ರೆಜಿಲ್, ಕಜಕಸ್ತಾನದಿಂದ ತರಿಸಿಕೊಳ್ಳುತ್ತೇವೆ. ಅತ್ತ ಅರವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಪೂರ್ತಿ ನಿಲ್ಲಿಸಿವೆ: ಬ್ರಿಟನ್ ಬಿಳಿ ಕಲ್ನಾರನ್ನೂ 1999ರಲ್ಲಿ ನಿಲ್ಲಿಸಿತು, ಆಸ್ಟ್ರೇಲಿಯಾ 2003ರ ಕೊನೆಗೆ, ನಮಗೆ ವರ್ಷಗಟ್ಟಲೆ ಕಲ್ನಾರು ಮಾರಿದ ಕೆನಡಾ 2018ರ ಕೊನೆಗೆ.

ಯಾಕೆ ನಿಲ್ಲಿಸಿದರು ಅನ್ನುವುದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು, ಇಲ್ಲದಿದ್ದರೆ ನಾನು ಮುಂದೆ ಹೇಳುವುದೆಲ್ಲ ಅತಿ ಅನ್ನಿಸುತ್ತದೆ. ಶೀಟು ಗಟ್ಟಿಯಾಗಿ ಛಾವಣಿಯ ಮೇಲೆ ಕೂತಿರುವಾಗ ನಾರು ಸಿಮೆಂಟಿನಲ್ಲಿ ಸೆರೆಯಾಗಿರುತ್ತದೆ, ಕೆಳಗೆ ಓಡಾಡುವವರಿಗೆ ಅಪಾಯ ಬಹಳ ಕಡಿಮೆ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ, ಉಜ್ಜಿದಾಗ ನಾರು ಬಿಡುಗಡೆಯಾಗುತ್ತದೆ. ಅದು ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ, ಗಂಟಲು ಕೆರೆಯುವುದೂ ಇಲ್ಲ. ಮಿಲ್ಲಿನಲ್ಲಿ ಭತ್ತದ ಸುಂಕು ಮೂಗಿಗೆ ಹೋದರೆ ಸೀನುತ್ತೀಯ, ಕೆಮ್ಮುತ್ತೀಯ, ಸಂಜೆಗೆ ಹೋಗಿಬಿಡುತ್ತದೆ. ಈ ನಾರು ಹಾಗೆ ಎಚ್ಚರಿಸುವುದೂ ಇಲ್ಲ, ಸುಲಭವಾಗಿ ಹೊರಗೆ ಬರುವುದೂ ಇಲ್ಲ. ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಹೆಚ್ಚಾಗಿ ಉಸಿರಾಡಿದವರಿಗೆ ಶ್ವಾಸಕೋಶ ಗಟ್ಟಿಗಟ್ಟಿ ಉಸಿರು ಕುಗ್ಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರು, ಎದೆ ಮತ್ತು ಹೊಟ್ಟೆಯ ಒಳಪದರಕ್ಕೆ ಬರುವ ಮೀಸೋಥೀಲಿಯೋಮ ಅನ್ನುವ ಕ್ಯಾನ್ಸರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎಲ್ಲ ಬಗೆಯ ಕಲ್ನಾರನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯನಿಗೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ.

ಇದರಲ್ಲಿ ನನ್ನನ್ನು ಬಹಳ ಕಾಡುವುದು ಕಾಲದ ಅಂತರ. ಧೂಳು ಕುಡಿದ ದಿನಕ್ಕೂ ರೋಗ ಕಾಣುವ ದಿನಕ್ಕೂ ಇಪ್ಪತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುವ ಕಾರ್ಖಾನೆಯಲ್ಲಿ ದುಡಿದ ನೆಲ್ಲಿ ಕರ್ಷಾ ಅನ್ನುವ ಹೆಣ್ಣುಮಗಳು 1924ರಲ್ಲಿ ತೀರಿಕೊಂಡಳು. ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾದ ಆಸ್‌ಬೆಸ್ಟೋಸಿಸ್‌ನ ಮೊದಲ ಪ್ರಕರಣಗಳಲ್ಲಿ ಅವಳದೂ ಒಂದು. ದಕ್ಷಿಣ ಆಫ್ರಿಕದ ವಾಗ್ನರ್ ಅನ್ನುವ ವೈದ್ಯ 1960ರಲ್ಲಿ ಕಲ್ನಾರಿನ ಗಣಿ ಪ್ರದೇಶದ 33 ಮೀಸೋಥೀಲಿಯೋಮ ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಗೆ ಇಳಿಯದವರೂ ಇದ್ದರು, ಚಿಕ್ಕವರಿದ್ದಾಗ ಗಣಿಯ ಬಳಿ ಬದುಕಿದ್ದರು ಅಷ್ಟೆ. ಲಂಡನ್ನಿನಲ್ಲಿ 1965ರಲ್ಲಿ ಮ್ಯೂರಿಯಲ್ ನ್ಯೂಹೌಸ್, ಹಿಲ್ಡಾ ಥಾಂಪ್ಸನ್ ತೋರಿಸಿದ್ದು ಇನ್ನೂ ಮನಸ್ಸು ಕಲಕುವ ಸಂಗತಿ: ಕಾರ್ಖಾನೆಗೆ ಕಾಲಿಡದ ಮನೆಯವರಿಗೂ ಈ ರೋಗ ಬಂದಿತ್ತು. ಕೆಲಸದ ಬಟ್ಟೆಯಲ್ಲಿ ಧೂಳು ಮನೆಗೆ ಬರುತ್ತಿತ್ತು, ಹೆಂಡತಿಯರು ಅದನ್ನು ಕೊಡವಿ ಒಗೆಯುತ್ತಿದ್ದರು.

ಈಗ ನಿನ್ನ ಕೆಲಸಕ್ಕೆ ಬರುವವರನ್ನು ನೆನೆಸಿಕೋ. ಪಕ್ಕದ ಊರಿನ ಗಂಡಾಳು ಹೆಣ್ಣಾಳು, ಇಲ್ಲವೇ ರಾಯಚೂರು, ಕಲಬುರಗಿ ಕಡೆಯಿಂದ ಕೂಲಿಗೆ ಬಂದವರು, ಉತ್ತರದ ಹುಡುಗರು. ಗಂಡಸರು ಮೇಲೆ ನಿಂತು ಸುತ್ತಿಗೆಯಲ್ಲಿ ಹೊಡೆಯುತ್ತಾರೆ, ಹೆಂಗಸರು ಚೂರು ಆಯ್ದು ಬಾಂಡಲಿಗೆ ತುಂಬುತ್ತಾರೆ, ಮಗು ಅಲ್ಲೇ ಮರಳ ಗುಡ್ಡೆಯ ಮೇಲೆ ಆಡುತ್ತಿರುತ್ತದೆ. ಮೂಗಿಗೆ ಒಂದು ಟವೆಲ್ಲು. ಎರಡು ಮೂರು ದಿನದಲ್ಲಿ ಕೆಲಸ ಮುಗಿಸಿ ಇನ್ನೊಂದು ಊರಿಗೆ ಹೋಗುತ್ತಾರೆ, ಅಲ್ಲಿ ಇನ್ನೊಂದು ಶೆಡ್ಡು. ಮೂವತ್ತು ವರ್ಷದ ಮೇಲೆ ಅವರಲ್ಲಿ ಒಬ್ಬರಿಗೆ ಉಸಿರು ಸಿಕ್ಕಿಕೊಂಡರೆ, ಎಲ್ಲಿಯ ಧೂಳು ಅಂತ ಯಾವ ವೈದ್ಯರು ಪತ್ತೆ ಮಾಡಬೇಕು? ಅವರಿಗೇ ನೆನಪಿರುವುದಿಲ್ಲ. ಅವರು ನಿನ್ನನ್ನು ಏನೂ ಕೇಳುವುದಿಲ್ಲ ಮಗಾ, ಕೂಲಿ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಅವರ ಪರವಾಗಿ ಕೇಳಬೇಕಾದವನು ಮಾಲೀಕ. ಅದಕ್ಕೇ ನಿನಗೆ ಹೇಳುತ್ತಿರುವುದು.

ಮೊದಲು ಏನನ್ನೂ ಮುಟ್ಟದೆ ಕಟ್ಟಡವನ್ನು ಒಂದು ಸುತ್ತು ನೋಡು. ಛಾವಣಿಯ ಅಲೆ ಅಲೆ ಶೀಟು ಎಲ್ಲರಿಗೂ ಕಾಣುತ್ತದೆ. ಕಾಣದೆ ಉಳಿಯುವವು ಬೇರೆ: ಕೊಡಿಯ ಮೇಲಿನ ಮುಚ್ಚಿಗೆ ತುಂಡು, ಮಳೆನೀರು ಇಳಿಯುವ ಬೂದು ಪೈಪು, ನೀರಿನ ತೊಟ್ಟಿಯ ಮುಚ್ಚಳ, ಗುಮಾಸ್ತರ ಕೋಣೆಯ ಚಪ್ಪಟೆ ಹಲಗೆಯ ಗೋಡೆ, ಮೇಲ್ಗಡೆ ಹೊಡೆದ ಸೀಲಿಂಗು, ಹಳೇ ಮೀಟರ್ ಬೋರ್ಡಿನ ಹಿಂದಿನ ಹಲಗೆ. ಶೀಟಿನ ಮೇಲೆ ಅಚ್ಚು ಉಳಿದಿದ್ದರೆ ಓದು. ಐಎಸ್ 459 ಅಂತಿದ್ದರೆ ಅದು ಕಲ್ನಾರಿನದೇ. ಕಲ್ನಾರಿಲ್ಲದ ನಾರು ಸಿಮೆಂಟಿನ ಶೀಟಿಗೆ ಇರುವ ಮಾನಕ ಐಎಸ್ 14871, ಅದು ಬಂದದ್ದು ನಿನ್ನ ಶೆಡ್ಡಿನಂಥ ಹಳೇ ಶೀಟುಗಳಿಗಿಂತ ಬಹಳ ಈಚೆಗೆ. ಅಚ್ಚು ಅಳಿಸಿಹೋಗಿದ್ದರೆ, ಅಷ್ಟು ಹಳೆಯ ಶೀಟನ್ನು ಕಲ್ನಾರು ಅಂತಲೇ ತಿಳಿದು ನಡೆದುಕೋ. ಖಚಿತ ಬೇಕು ಅನ್ನಿಸಿದರೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಕ್ಕೆ ಫೋನು ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಲ್ನಾರು ಗುರುತಿಸುತ್ತಾರಾ ಅಂತ ಕೇಳು. ಈಗಾಗಲೇ ಒಡೆದು ಬಿದ್ದಿರುವ ಚೂರನ್ನೇ ನೀರಲ್ಲಿ ನೆನೆಸಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ ಕಳಿಸಿದರೆ ಸಾಕು. ಮಾದರಿಗೆ ಅಂತ ಹೊಸದಾಗಿ ಒಡೆಯಬೇಡ.

ಬಾಯ್ಲರಿನ ವಿಚಾರ ಬೇರೆಯಾಗಿಯೇ ಹೇಳಬೇಕು, ಇದು ಶೀಟಿಗಿಂತ ದೊಡ್ಡ ಅಪಾಯ. ನಿನ್ನ ಮಿಲ್ಲಿನಲ್ಲಿ ಹಿಂದೆ ಭತ್ತ ಬೇಯಿಸುತ್ತಿದ್ದರು. ಅಂಥ ಹಳೇ ಬಾಯ್ಲರಿಗೆ, ಹಬೆಯ ಪೈಪಿಗೆ ಶಾಖ ಹೋಗದಂತೆ ಬಳಿದ ಬಿಳಿ ಗಾರೆಯಂಥ ಪದರ ಇರುತ್ತದೆ. ಒಲೆಯ ಬಾಗಿಲ ಸುತ್ತ ಹೆಣೆದ ಬಿಳಿ ಹಗ್ಗ, ಪೈಪು ಕೂಡುವಲ್ಲಿ ಗ್ಯಾಸ್ಕೆಟ್ಟು. ಅವುಗಳಲ್ಲಿ ಸಾಮಾನ್ಯವಾಗಿ ಕಲ್ನಾರಿನ ಪಾಲು ಶೀಟಿಗಿಂತ ಎಷ್ಟೋ ಹೆಚ್ಚು, ಸಿಮೆಂಟಿನ ಹಿಡಿತವೂ ಇಲ್ಲ, ಕೈಯಲ್ಲಿ ಮುಟ್ಟಿದರೆ ಪುಡಿ. ಗುಜರಿಯವರು ಬಂದು ಕಬ್ಬಿಣ, ತಾಮ್ರಕ್ಕೆ ಒಳ್ಳೆ ಬೆಲೆ ಹೇಳುತ್ತಾರೆ, ಆ ಬಿಳಿ ಪದರವನ್ನು ಅಲ್ಲೇ ಕುಟ್ಟಿ ಉದುರಿಸಿ ಕಬ್ಬಿಣ ಹೊರುತ್ತಾರೆ. ಅದಕ್ಕೆ ಒಪ್ಪಬೇಡ. ಆ ಕೋಣೆಗೆ ಬೀಗ ಹಾಕು. ಕಲ್ನಾರು ತೆಗೆಯುವ ಪರಿಣತಿ, ಸಲಕರಣೆ ಎರಡೂ ಇರುವವರು ಸಿಗುವವರೆಗೆ ಬೀಗ ತೆಗೆಯಬೇಡ. ಶೀಟನ್ನು ಎಚ್ಚರದಿಂದ ಇಳಿಸುವ ಕೆಲಸ ತರಬೇತಿ ಕೊಟ್ಟರೆ ನಮ್ಮವರಿಂದಲೂ ಆಗುತ್ತದೆ, ಇದು ಆಗುವುದಿಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿಕೋ: ಶೀಟು ಇಳಿಸಲೇಬೇಕಾ? ಗೋದಾಮಿನ ಮೇಲಿನ ಶೀಟು ಗಟ್ಟಿಯಾಗಿದ್ದು ಎಲ್ಲೋ ಒಂದೆರಡು ಬಿರುಕಿದ್ದರೆ ಅದನ್ನು ಹಾಗೇ ಬಿಡುವುದೇ ಒಳ್ಳೆಯದು. ಪಾಚಿ ಕೆರೆಯುವುದು, ತಂತಿ ಬ್ರಷ್ಷಿನಲ್ಲಿ ಉಜ್ಜುವುದು, ಕಾರು ತೊಳೆಯುವ ರಭಸದ ಪೈಪಿನಲ್ಲಿ ನೀರು ಹೊಡೆಯುವುದು, ಇವು ಮೂರೂ ಬೇಡ. ಪದರ ಕಿತ್ತು ನಾರು ಹೊರಬರುವುದೇ ಹಾಗೆ. ಮೆದುವಾಗಿ ನೆನೆಸಿ, ಶೀಟಿಗೆ ಹೊಂದುವ ಬಣ್ಣವನ್ನು ಸ್ಪ್ರೇಯಲ್ಲಿ ಎರಡು ಕೋಟು ಹೊಡೆಸಿದರೆ ನಾರು ಒಳಗೇ ಕೂರುತ್ತದೆ. ಅಂಗಡಿಯಲ್ಲಿ ಫ್ಯಾನು, ಲೈಟು ನೇತುಹಾಕಲು ಶೀಟಿಗೆ ಡ್ರಿಲ್ ಹಾಕಬೇಡ, ಕೈಮರಕ್ಕೋ ಕಬ್ಬಿಣದ ಚೌಕಟ್ಟಿಗೋ ಹಿಡಿಸು. ನೆಂಟರು ಸೇರುವ ಹಾಲಿನ ಮೇಲೆ ಮಾತ್ರ ಹಳೇ ಶೀಟು ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿ ಮೈಕು, ಸೀರಿಯಲ್ ಸೆಟ್ಟು, ಶಾಮಿಯಾನ ಅಂತ ಯಾರಾದರೂ ಹತ್ತುತ್ತಲೇ ಇರುತ್ತಾರೆ, ಕೋತಿಗಳ ಕಾಟವೂ ಇದೆ, ಭರಣಿ ಮಳೆಯ ಗಾಳಿಗೆ ಒಂದು ಶೀಟು ಎದ್ದರೆ ಕೆಳಗಿರುವವರ ಮೇಲೇ ಬೀಳುತ್ತದೆ. ಆ ಭಾಗ ಇಳಿಸು, ಸರಿಯಾಗಿ ಇಳಿಸು.

ಇಳಿಸುವಾಗ ಮೊದಲ ಭಯ ಧೂಳಿನದಲ್ಲ, ಬೀಳುವುದರದು. ಹಳೇ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಬೋಲ್ಟಿನ ಸಾಲಿನ ಮೇಲೆ ಹೆಜ್ಜೆ ಇಟ್ಟರೆ ಏನೂ ಆಗುವುದಿಲ್ಲ ಅನ್ನುವ ಮೇಸ್ತ್ರಿಗಳಿದ್ದಾರೆ. ಪಾಚಿ ಕಟ್ಟಿದ ಛಾವಣಿಯಲ್ಲಿ ಬೋಲ್ಟಿನ ಸಾಲೇ ಕಾಣುವುದಿಲ್ಲ. ಶೀಟು ಮುರಿದು ಇಪ್ಪತ್ತು ಅಡಿ ಕೆಳಗೆ ಬಿದ್ದವನಿಗೆ ನಲವತ್ತು ವರ್ಷದ ರೋಗದ ಮಾತೇ ಬೇಕಿಲ್ಲ. ಅಡ್ಡಪಟ್ಟಿಗಳ ಮೇಲೆ ಅಗಲದ ಹಲಗೆ ಹಾಸಿ, ಹಲಗೆಯ ಮೇಲೆ ಮಾತ್ರ ಕಾಲಿಡಬೇಕು, ಇಡೀ ಮೈಗೆ ಹಿಡಿಯುವ ಸುರಕ್ಷಾ ಬೆಲ್ಟು ಕಟ್ಟಬೇಕು, ಕೆಳಗೆ ಬಲೆ ಹಿಡಿಸಬೇಕು. ಆದಷ್ಟೂ ಕೆಳಗಿನಿಂದ ಸಾರುವೆ ಕಟ್ಟಿ ಬಿಚ್ಚಿಸು, ಮೇಲೆ ಹತ್ತುವುದೇ ಕಡಿಮೆಯಾಗುತ್ತದೆ.

ಧೂಳು ಏಳದಂತೆ ಮಾಡುವುದು ನೀರು. ಗದ್ದೆಗೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಇದೆಯಲ್ಲ, ಹೊಸದೊಂದು ತಗೋ, ಔಷಧಿ ಹಾಕಿದ್ದು ಬೇಡ. ನೀರಿಗೆ ಚೂರು ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದರೆ ನೀರು ಜಾರಿಹೋಗದೆ ಶೀಟಿಗೆ ಹಿಡಿಯುತ್ತದೆ. ಬಿಚ್ಚುವ ಮೊದಲೂ ಬಿಚ್ಚುತ್ತಿರುವಾಗಲೂ ಮಂಜಿನಂತೆ ಹೊಡೆಯುತ್ತಿರಬೇಕು. ಒದ್ದೆ ಶೀಟು ಜಾರುತ್ತದೆ, ಹಲಗೆ ಬಿಟ್ಟು ಕಾಲಿಡಬಾರದು ಅನ್ನುವುದಕ್ಕೆ ಅದು ಇನ್ನೊಂದು ಕಾರಣ. ಆಷಾಢದ ಗಾಳಿಯಲ್ಲಿ ಈ ಕೆಲಸ ಬೇಡವೇ ಬೇಡ. ಗಾಳಿ ಇಲ್ಲದ ದಿನ, ಬೆಳಗಿನ ಹೊತ್ತು ನೋಡು. ತುಕ್ಕು ಹಿಡಿದ ಬೋಲ್ಟನ್ನು ಎಳೆದು ಶೀಟು ಸೀಳಬೇಡಿ, ಬೋಲ್ಟನ್ನೇ ಕತ್ತರಿಸಿ. ಕಟಿಂಗ್ ಮಿಷನ್ನಿನ ಚಕ್ರ ಶೀಟಿಗೆ ತಾಗಬಾರದು. ಶೀಟನ್ನು ಇಡಿಯಾಗಿ ಇಳಿಸಿ, ಇಬ್ಬರು ಹಿಡಿದು ಕೈಯಿಂದ ಕೈಗೆ ದಾಟಿಸಬೇಕು, ಮೇಲಿಂದ ಎಸೆಯಬಾರದು. ಅಂಗಳದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಜೋಡಿಸಿ, ಎರಡು ಸುತ್ತು ಸುತ್ತಿ ಟೇಪು ಹಾಕಿ, ಕಲ್ನಾರು, ಬಿಚ್ಚಬೇಡಿ ಅಂತ ದೊಡ್ಡದಾಗಿ ಕನ್ನಡದಲ್ಲಿ ಬರೆಸು. ಪೊರಕೆ ಮುಟ್ಟಿಸಬೇಡ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದೇ ಕಟ್ಟಿಗೆ ಸೇರಿಸಬೇಕು. ಸೂರಿನ ನೀರು ಬೀಳುವ ಸಾಲಿನಲ್ಲಿ, ದೋಣಿಯಲ್ಲಿ ವರ್ಷಗಟ್ಟಲೆ ಸವೆದ ನಾರು ಕೂತಿರುತ್ತದೆ, ಆ ಕೆಸರನ್ನು ಒಣಗಲು ಬಿಡದೆ ಹಸಿಯಾಗಿಯೇ ತೆಗೆದು ತುಂಬಿಸು.

ಮಾಸ್ಕಿನಲ್ಲಿ ಉಳಿತಾಯ ನೋಡಬೇಡ. ಟವೆಲ್ಲು, ಕೊರೋನಾ ಕಾಲದ ನೀಲಿ ಬಟ್ಟೆಯ ಮಾಸ್ಕು ಈ ನಾರನ್ನು ತಡೆಯುವುದಿಲ್ಲ. ಎಫ್‌ಎಫ್‌ಪಿ 3 ದರ್ಜೆಯದು ಬೇಕು, ಇಲ್ಲವೇ ರಬ್ಬರಿನ ಅರೆಮುಖವಾಡಕ್ಕೆ ಪಿ 3 ಫಿಲ್ಟರು. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ, ಕ್ಷೌರ ಮಾಡಿಕೊಂಡು ಬರಲು ಹೇಳು. ತಲೆಯಿಂದ ಕಾಲಿನವರೆಗೆ ಮುಚ್ಚುವ, ಒಮ್ಮೆ ಹಾಕಿ ಎಸೆಯುವ ಅಂಗಿ ಎಲ್ಲರಿಗೂ ಕೊಡು. ಮಿಲ್ಲಿನ ಬಾವಿಯ ಹತ್ತಿರ ಸ್ನಾನಕ್ಕೆ ಜಾಗ ಮಾಡಿಸು, ಕೆಲಸದ ಬಟ್ಟೆ ಯಾರ ಮನೆಗೂ ಹೋಗಬಾರದು. ಮಕ್ಕಳನ್ನು ಕರೆತರಬೇಡಿ ಅಂತ ಮೊದಲೇ ತಿಳಿಸು, ಮಗುವನ್ನು ಬಿಟ್ಟುಬರಲಾಗದ ತಾಯಿಗೆ ಆ ದಿನಗಳಲ್ಲಿ ಬೇರೆ ಕಡೆ ಕೆಲಸ ಕೊಡು. ಕೆಲಸದ ನಡುವೆ ಬೀಡಿ ಬೇಡ ಅಂತ ಕಟ್ಟುನಿಟ್ಟು ಮಾಡು. ಅಮೆರಿಕದ ಸೆಲಿಕಾಫ್ ಮತ್ತು ಜೊತೆಯವರು 1979ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ: ಕಲ್ನಾರಿನ ಕೆಲಸವೂ ಸಿಗರೇಟೂ ಎರಡೂ ಇದ್ದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವಿನ ಸಂಭವ, ಎರಡೂ ಇಲ್ಲದವರಿಗಿಂತ ಐವತ್ತು ಪಟ್ಟಿಗೂ ಮೀರಿತ್ತು.

ಇಳಿಸಿದ ಶೀಟು ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲೇ ನಮ್ಮ ಕಡೆ ಎಲ್ಲರೂ ಎಡವುವುದು. ಇಡಿಯಾಗಿ ಬಂದದ್ದನ್ನು ಯಾರೋ ಕೋಳಿಗೂಡಿಗೆ, ಬಚ್ಚಲಿಗೆ ಕೇಳಿಕೊಂಡು ಬರುತ್ತಾರೆ. ಚೂರನ್ನು ರಸ್ತೆಯ ಹಳ್ಳಕ್ಕೆ ಸುರಿದು ಮೇಲೆ ಟ್ರ್ಯಾಕ್ಟರ್ ಓಡಿಸುತ್ತಾರೆ, ಅದು ದಿನವೂ ಪುಡಿಯಾಗುತ್ತದೆ. ಇನ್ನು ಕೆಲವರು ರಾತ್ರಿ ಹೊತ್ತು ನಾಲೆಯ ಏರಿಗೆ, ಹೊಳೆಯ ದಂಡೆಗೆ ಸುರಿದು ಬರುತ್ತಾರೆ. ಕಾವೇರಿ, ಕಪಿಲೆ ಕೂಡುವ ಊರಿನವರು ನಾವು, ಹೊಳೆ ಉಕ್ಕಿದಾಗ ಅದೆಲ್ಲ ಯಾರ ಗದ್ದೆಗೆ ಹೋಗುತ್ತದೆ ಅಂತ ನಿನಗೆ ಗೊತ್ತು. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನುವುದು ಕಷ್ಟ, ಆದರೂ ಇಲ್ಲ ಅನ್ನು. ಕೊಡಲೇಬೇಕು ಅನ್ನಿಸಿದರೆ ಹೊಸ ತಗಡಿಗೆ ದುಡ್ಡು ಕೊಡು.

ಫ್ರಾನ್ಸ್ ದೇಶ ತನ್ನ ಕ್ಲೆಮಾನ್ಸೋ ಅನ್ನುವ ಹಳೇ ಯುದ್ಧನೌಕೆಯನ್ನು ಒಡೆಸಲು ಗುಜರಾತಿನ ಅಲಂಗಿಗೆ ಕಳಿಸಿತ್ತು. ಒಳಗೆ ರಾಶಿ ಕಲ್ನಾರಿದೆ, ನಮ್ಮ ಕೂಲಿಯವರ ಪ್ರಾಣಕ್ಕೆ ಬೆಲೆ ಇಲ್ಲವಾ ಅಂತ ಗಲಾಟೆ ಎದ್ದು 2006ರ ಫೆಬ್ರುವರಿಯಲ್ಲಿ ಅದನ್ನು ಅರ್ಧ ದಾರಿಯಿಂದ ವಾಪಸು ಕರೆಸಿಕೊಂಡರು. ಆ ಹಡಗಿನ ಬಗ್ಗೆ ಕೇಳಿದ್ದು ನ್ಯಾಯವಾಗಿದ್ದರೆ ಸೋಸಲೆಯ ಶೆಡ್ಡಿನ ಬಗ್ಗೆ ಕೇಳುವುದೂ ನ್ಯಾಯವೇ. ಬಿಸಾಡಿದ ಕಲ್ನಾರನ್ನು ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೂ ಸೇರಿಸಿದ್ದಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಕಚೇರಿಗೆ, ಇಂಥ ಕಡೆ ಇಷ್ಟು ಶೀಟು ಇಳಿಸುತ್ತಿದ್ದೇನೆ, ಎಲ್ಲಿಗೆ ಒಪ್ಪಿಸಬೇಕು ಅಂತ ಅರ್ಜಿ ಕೊಟ್ಟು ಸ್ವೀಕೃತಿ ತಗೋ. ಅಪಾಯಕಾರಿ ತ್ಯಾಜ್ಯವನ್ನು ಲೆಕ್ಕವಿಟ್ಟು ಹೂಳುವ ಜಾಗ ಬೆಂಗಳೂರಿನ ಆಚೆ ಡಾಬಸ್‌ಪೇಟೆಯಲ್ಲಿದೆ. ಸಾಗಣೆ, ಹೂಳುವ ದರ ಎರಡನ್ನೂ ಈಗಲೇ ವಿಚಾರಿಸಿ ಬಜೆಟ್ಟಿನಲ್ಲಿ ಸೇರಿಸು. ಕೊನೆಗೆ ನೋಡೋಣ ಅಂದರೆ ಕೊನೆಗೆ ದುಡ್ಡೇ ಉಳಿದಿರುವುದಿಲ್ಲ, ಕಟ್ಟು ಹಿತ್ತಲಿನಲ್ಲೇ ಕೊಳೆಯುತ್ತದೆ.

ಇನ್ನೊಂದು ಕೆಲಸ ಮಾಡು, ಇದನ್ನು ನಾನು ಬಹಳ ಒತ್ತಿ ಹೇಳುತ್ತೇನೆ. ಒಂದು ಪುಸ್ತಕ ತಗೊಂಡು, ಯಾವ ದಿನ ಯಾರು ಯಾರು ಈ ಕೆಲಸಕ್ಕೆ ಬಂದರು, ಊರು ಯಾವುದು, ಏನು ಮಾಡಿದರು, ಯಾವ ಮಾಸ್ಕು ಹಾಕಿದ್ದರು ಅಂತ ಬರೆದಿಡು. ಗ್ರಾಹಕರ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಅನ್ನುವ ಸಂಸ್ಥೆ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1995ರ ಜನವರಿಯಲ್ಲಿ ತೀರ್ಪು ಕೊಟ್ಟು, ದುಡಿಯುವವನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಅಂದಿತು. ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕು ಅಂತ ಆದೇಶಿಸಿತು. ನಿನ್ನದು ಕಾರ್ಖಾನೆಯಲ್ಲ, ಆ ಆದೇಶ ನಿನ್ನ ಮೇಲಿಲ್ಲ. ಆದರೂ ನೀನು ಇಡು. ಬಂದವರಿಗೂ ಒಂದು ಚೀಟಿ ಕೊಡು, ಇಂಥ ದಿನ ಇಂಥ ಕಡೆ ಕಲ್ನಾರಿನ ಕೆಲಸ ಮಾಡಿದ್ದೇನೆ ಅಂತ. ನಾಳೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಇನ್ನೆಲ್ಲೋ ವೈದ್ಯರು ಕೇಳಿದರೆ ತೋರಿಸಲು ಕೈಯಲ್ಲಿ ಒಂದು ಕಾಗದ ಇರಲಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಇಲ್ಲದವರಿಗೆ ಮಾಡಿಸಿಕೊಳ್ಳಲು ನೆರವಾಗು.

ಹೊಸ ಛಾವಣಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ಉಕ್ಕಿನ ಶೀಟಿನ ಕೆಳಗೆ ಶಾಖ ತಡೆಯುವ ಪದರ ಹಾಕಿಸಿದರೆ ಸೆಕೆಯೂ ಕಡಿಮೆ, ಮಳೆಯ ಸದ್ದೂ ಕಡಿಮೆ. ಕೈಮರ ಗಟ್ಟಿಯಿದ್ದರೆ ಮಂಗಳೂರು ಹೆಂಚೂ ಆಗಬಹುದು, ನನಗೆ ಅದೇ ಚೆಂದ. ಸಿಮೆಂಟ್ ಶೀಟೇ ಬೇಕಾದರೆ ಐಎಸ್ 14871 ಅಚ್ಚು ನೋಡಿ, ಕಲ್ನಾರು ಇಲ್ಲ ಅಂತ ಬಿಲ್ಲಿನಲ್ಲಿ ಬರೆಸಿಕೊಂಡು ತಗೋ.

ಗುತ್ತಿಗೆದಾರನಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಅಂತ ನಿಮ್ಮಪ್ಪ ಹೇಳಿದ. ಒಳ್ಳೆಯದಾಯಿತು. ಛಾವಣಿ ಇಳಿಸುವುದನ್ನು ಉಳಿದ ಕೆಲಸದಿಂದ ಬೇರ್ಪಡಿಸಿ, ಚದರ ಅಡಿ ಲೆಕ್ಕದ ಬದಲು ದಿನಗೂಲಿಗೆ ಕೊಡು. ಚದರ ಅಡಿಗೆ ಕೊಟ್ಟರೆ ಬೇಗ ಮುಗಿಸಲು ಸುತ್ತಿಗೆ ಎತ್ತಿಯೇ ಎತ್ತುತ್ತಾರೆ. ಒಡೆಯದೆ ಇಳಿಸಿದ ಪ್ರತಿ ಶೀಟಿಗೂ ಮೇಲೊಂದಿಷ್ಟು ಕೊಡುವ ಕರಾರು ಬರೆಸು. ಭಾನುವಾರ ನಾನು ಬರುತ್ತೇನೆ. ಆ ಮನುಷ್ಯನನ್ನೂ ಕರೆಸು, ಮೂವರೂ ನೆಲದ ಮೇಲೆ ನಿಂತೇ ಶೀಟು ಎಣಿಸಿ, ಯಾವುದು ಉಳಿಯಬೇಕು ಯಾವುದು ಇಳಿಯಬೇಕು ಅಂತ ಸೀಮೆಸುಣ್ಣದಲ್ಲಿ ಗೋಡೆಗೆ ಗುರುತು ಹಾಕೋಣ. ಅಲ್ಲಿಯವರೆಗೆ ಬಾಯ್ಲರ್ ಕೋಣೆಯ ಬೀಗದ ಕೈ ನಿನ್ನ ಹತ್ತಿರವೇ ಇರಲಿ.